ದಿನಾ ಬೆಳಿಗ್ಗೆ ಸಾಸೇಜ್ ತಿನ್ನಬಹುದೇ? ಫಿಲಿಪ್ಪೀನ್ಸ್‌ನ ಲೊಂಗನಿಸಾ ಬಗ್ಗೆ ಇರುವ ನಂಬಿಕೆಗಳು, ಅವುಗಳ ಹಿಂದಿನ ವಾಸ್ತವ

ನಮ್ಮಲ್ಲಿ ಬೆಳಿಗ್ಗೆ ಇಡ್ಲಿ, ಉಪ್ಪಿಟ್ಟು, ಚಿತ್ರಾನ್ನ ಹೇಗೋ, ಫಿಲಿಪ್ಪೀನ್ಸ್ ದೇಶದಲ್ಲಿ ಲೊಂಗ್‌ಸಿಲೊಗ್ ಹಾಗೆ. ಇದು ಮೂರು ಪದಗಳನ್ನು ಕತ್ತರಿಸಿ ಜೋಡಿಸಿದ ಹೆಸರು. ಲೊಂಗನಿಸಾ ಎಂದರೆ ಅಲ್ಲಿಯ ಹಂದಿಮಾಂಸದ ಸಾಸೇಜ್. ಸಿನಂಗಗ್ ಎಂದರೆ ರಾತ್ರಿ ಉಳಿದ ಅನ್ನಕ್ಕೆ ಬೆಳ್ಳುಳ್ಳಿ ಹಾಕಿ ಹುರಿದದ್ದು. ಇತ್ಲೊಗ್ ಎಂದರೆ ಮೊಟ್ಟೆ. ಮನಿಲಾದ ರಸ್ತೆ ಬದಿಯ ಸಣ್ಣ ಹೋಟೆಲಿನಿಂದ ಹಿಡಿದು ಹಳ್ಳಿ ಮನೆಯ ಅಡುಗೆಕೋಣೆಯವರೆಗೆ ಈ ತಿಂಡಿ ಇದೆ. ವೈದ್ಯಕೀಯ ಓದಲೆಂದು ದಾವಾವ್‌ನಂಥ ಊರುಗಳಿಗೆ ಹೋಗಿರುವ ಭಾರತದ ವಿದ್ಯಾರ್ಥಿಗಳಿಗೂ ಈ ಹೆಸರು ಪರಿಚಿತ.

ಈ ತಿಂಡಿಯ ಬಗ್ಗೆ ಎರಡು ರೀತಿಯ ಮಾತು ಕೇಳಿಬರುತ್ತದೆ. "ಸಾಸೇಜ್ ತಿಂದರೆ ಕ್ಯಾನ್ಸರ್ ಬರುತ್ತದೆ, ಮುಟ್ಟಲೇಬೇಡಿ" ಎನ್ನುವುದು ಒಂದು. "ನಮ್ಮಜ್ಜಿ ಇದನ್ನೇ ತಿಂದು ತೊಂಬತ್ತು ವರ್ಷ ಬದುಕಿದರು, ಏನೂ ಆಗುವುದಿಲ್ಲ" ಎನ್ನುವುದು ಇನ್ನೊಂದು. ಯಾವುದು ಸರಿ? ಸಮತೋಲಿತ ಆಹಾರದಲ್ಲಿ ಲೊಂಗನಿಸಾಕ್ಕೆ ಜಾಗ ಇದೆಯೇ? ಇದ್ದರೆ ಎಷ್ಟು? ಈ ಲೇಖನದಲ್ಲಿ ಒಂದೊಂದಾಗಿ ನೋಡೋಣ.

ಮೊದಲಿಗೆ, ಲೊಂಗನಿಸಾ ಎಂದರೇನು?

ಫಿಲಿಪ್ಪೀನ್ಸ್ 1565ರಿಂದ 1898ರವರೆಗೆ ಸ್ಪೇನ್ ಆಳ್ವಿಕೆಯಲ್ಲಿತ್ತು. ಸ್ಪೇನಿನ 'ಲೊಂಗನಿಸಾ' ಸಾಸೇಜ್ ಹೆಸರಿನ ಸಮೇತ ಅಲ್ಲಿಗೆ ಬಂದು ಊರೂರಿಗೂ ಬೇರೆ ಬೇರೆ ರುಚಿ ಪಡೆಯಿತು. ಉತ್ತರದ ವಿಗನ್ ಪಟ್ಟಣದ ಲೊಂಗನಿಸಾದಲ್ಲಿ ಬೆಳ್ಳುಳ್ಳಿಯ ಘಾಟು ಜಾಸ್ತಿ. ಕೆಸೊನ್ ಪ್ರಾಂತದ ಲುಕ್ಬನ್‌ನದಕ್ಕೆ ಒರೆಗಾನೊ ಸೊಪ್ಪಿನ ಪರಿಮಳ. ಪಂಪಂಗಾ ಮತ್ತು ಸೆಬು ಕಡೆಯದು ಸಿಹಿ. ಲುಕ್ಬನ್‌ನಲ್ಲಿ ಪ್ರತಿವರ್ಷ ಮೇ 15ರಂದು ನಡೆಯುವ ಪಹಿಯಾಸ್ ಹಬ್ಬದಲ್ಲಿ ಮನೆಗಳ ಮುಂದೆ ತರಕಾರಿ ಮತ್ತು ಅಕ್ಕಿಯ ಬಣ್ಣಬಣ್ಣದ ಹಪ್ಪಳಗಳ ಜೊತೆಗೆ ಲೊಂಗನಿಸಾ ಸರಗಳನ್ನೂ ತೂಗುಹಾಕುತ್ತಾರೆ. ಊರಿನ ಹೆಮ್ಮೆಯೇ ಆಗಿರುವ ಇಂಥ ಪದಾರ್ಥವನ್ನು 'ಬಿಟ್ಟುಬಿಡಿ' ಎಂದು ಒಂದೇ ಮಾತಿನಲ್ಲಿ ಹೇಳಿದರೆ ಯಾರೂ ಕೇಳುವುದಿಲ್ಲ.

ಮಾಡುವ ಕ್ರಮ ಸರಳ. ಹಂದಿಯ ಮಾಂಸ ಮತ್ತು ಕೊಬ್ಬನ್ನು ಸಣ್ಣಗೆ ಕೊಚ್ಚಿ, ಉಪ್ಪು, ಬೆಳ್ಳುಳ್ಳಿ, ಕಾಳುಮೆಣಸು, ವಿನೆಗರ್, ಕೆಲವು ಕಡೆ ಸಕ್ಕರೆ ಸೇರಿಸಿ, ಶುಚಿ ಮಾಡಿದ ಕರುಳಿನೊಳಗೆ ತುಂಬುತ್ತಾರೆ. ಕರುಳಿಲ್ಲದೆ, ಕಾಗದದಲ್ಲಿ ಸುತ್ತಿಡುವ ಬಗೆಯೂ ಉಂಟು. ಹಲವರು ಇದಕ್ಕೆ 'ಸಲಿತ್ರೆ' ಎಂಬ ಉಪ್ಪನ್ನೂ ಬೆರೆಸುತ್ತಾರೆ. ಇದೇ ಪೆಟ್ಲುಪ್ಪು, ಅಂದರೆ ಪೊಟ್ಯಾಸಿಯಂ ನೈಟ್ರೇಟ್. ಕಾರ್ಖಾನೆಗಳಲ್ಲಿ ಸಾಮಾನ್ಯವಾಗಿ ಸೋಡಿಯಂ ನೈಟ್ರೈಟ್ ಬಳಸುತ್ತಾರೆ.

ಅಮೆರಿಕದ ಆಳ್ವಿಕೆಯ ಕಾಲದ ಪ್ರಭಾವದಿಂದ ಹಾಟ್‌ಡಾಗ್ ಕೂಡ ಅಲ್ಲಿ ಮನೆಮಾತಾಗಿದೆ. ಮಕ್ಕಳ ಹುಟ್ಟುಹಬ್ಬದ ಸಿಹಿ ಸ್ಪಾಗೆಟ್ಟಿಯಲ್ಲಿ ಕೆಂಪು ಹಾಟ್‌ಡಾಗ್ ತುಂಡುಗಳು ಇರಲೇಬೇಕು. ಶಾಲೆಗೆ ಒಯ್ಯುವ ಬುತ್ತಿಯಲ್ಲೂ ಅದು ಸಾಮಾನ್ಯ.

ನೈಟ್ರೈಟ್ ಏಕೆ ಹಾಕುತ್ತಾರೆ?

ಬರೀ ಬಣ್ಣಕ್ಕಾಗಿ ಎಂದು ಹಲವರು ತಿಳಿದಿದ್ದಾರೆ. ಬಣ್ಣಕ್ಕೂ ಹೌದು. ಮಾಂಸದ ಮಯೋಗ್ಲೋಬಿನ್ ಜೊತೆ ಸೇರಿ ಬೇಯಿಸಿದ ಮೇಲೂ ಉಳಿಯುವ ಗುಲಾಬಿ ಬಣ್ಣ ಕೊಡುವುದು ನೈಟ್ರೈಟೇ. ಆದರೆ ಅದಕ್ಕಿಂತ ದೊಡ್ಡ ಕೆಲಸ ಇನ್ನೊಂದಿದೆ. ಗಾಳಿಯಾಡದ ಕಡೆ ಬೆಳೆಯುವ ಕ್ಲಾಸ್ಟ್ರಿಡಿಯಂ ಬೊಟುಲಿನಂ ಎಂಬ ಬ್ಯಾಕ್ಟೀರಿಯಾವನ್ನು ಅದು ತಡೆಯುತ್ತದೆ. ಈ ಬ್ಯಾಕ್ಟೀರಿಯಾದ ವಿಷ ನರಗಳನ್ನು ಸೋಲಿಸಿ, ಉಸಿರಾಟವನ್ನೇ ನಿಲ್ಲಿಸಬಲ್ಲದು. 'ಬೊಟುಲಸ್' ಎಂದರೆ ಲ್ಯಾಟಿನ್ ಭಾಷೆಯಲ್ಲಿ ಸಾಸೇಜ್! 19ನೇ ಶತಮಾನದ ಆರಂಭದಲ್ಲಿ ಜರ್ಮನಿಯ ವೈದ್ಯ ಜಸ್ಟಿನಸ್ ಕೆರ್ನರ್ ಕೆಟ್ಟ ಸಾಸೇಜ್ ತಿಂದು ಸತ್ತವರ ಪ್ರಕರಣಗಳನ್ನು ವಿವರವಾಗಿ ದಾಖಲಿಸಿದರು. ಬೊಟುಲಿಸಂ ಎಂಬ ರೋಗದ ಹೆಸರು ಬಂದದ್ದು ಸಾಸೇಜ್‌ನಿಂದಲೇ.

ಹಾಗಾಗಿ ನೈಟ್ರೈಟ್ ಒಂದು ಕಡೆ ಜೀವ ಉಳಿಸುತ್ತದೆ. ಇನ್ನೊಂದು ಕಡೆ, ಹೊಟ್ಟೆಯಲ್ಲಿ ಮತ್ತು ಹೆಚ್ಚು ಬಿಸಿಯ ಬಾಣಲೆಯಲ್ಲಿ ಪ್ರೊಟೀನಿನ ಅಂಶಗಳ ಜೊತೆ ಸೇರಿ ನೈಟ್ರೋಸಮೈನ್ ಎಂಬ ರಾಸಾಯನಿಕಗಳಾಗಬಲ್ಲದು. ಇವುಗಳಲ್ಲಿ ಹಲವು ಕ್ಯಾನ್ಸರ್‌ಕಾರಕ. ಕಾರ್ಖಾನೆಯ ಸಾಸೇಜ್‌ಗೆ ವಿಟಮಿನ್ ಸಿ ಅಥವಾ ಅದರ ಹತ್ತಿರದ ಸಂಯುಕ್ತಗಳನ್ನು ಸೇರಿಸುವುದು ಈ ಕ್ರಿಯೆಯನ್ನು ತಗ್ಗಿಸಲೆಂದೇ.

ನಂಬಿಕೆ 1: ಸಾಸೇಜ್ ತಿನ್ನುವುದೂ ಸಿಗರೇಟ್ ಸೇದುವುದೂ ಒಂದೇ

ಈ ಮಾತು ಹುಟ್ಟಿದ್ದು 2015ರ ಅಕ್ಟೋಬರ್‌ನಲ್ಲಿ. ವಿಶ್ವ ಆರೋಗ್ಯ ಸಂಸ್ಥೆಯ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 10 ದೇಶಗಳ 22 ತಜ್ಞರನ್ನು ಸೇರಿಸಿತ್ತು. ಅವರು 800ಕ್ಕೂ ಹೆಚ್ಚು ಅಧ್ಯಯನಗಳನ್ನು ಪರಿಶೀಲಿಸಿ, ಸಂಸ್ಕರಿತ ಮಾಂಸವನ್ನು 'ಗುಂಪು 1'ಕ್ಕೆ, ಅಂದರೆ ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವುದು ಖಚಿತವಾಗಿರುವ ವಸ್ತುಗಳ ಪಟ್ಟಿಗೆ ಸೇರಿಸಿದರು. ತಂಬಾಕು ಕೂಡ ಅದೇ ಗುಂಪಿನಲ್ಲಿದೆ. ಅಷ್ಟು ಸಾಕಾಯಿತು. ಎರಡೂ ಒಂದೇ ಎಂಬ ಸುದ್ದಿ ಹಬ್ಬಿತು.

ಆದರೆ ಈ ಗುಂಪುಗಳು ಹೇಳುವುದು ಸಾಕ್ಷ್ಯ ಎಷ್ಟು ಗಟ್ಟಿ ಎಂಬುದನ್ನು, ಅಪಾಯ ಎಷ್ಟು ದೊಡ್ಡದು ಎಂಬುದನ್ನಲ್ಲ. ಮಳೆಯಲ್ಲಿ ನೆನೆಯುವುದೂ ಪ್ರವಾಹದಲ್ಲಿ ಕೊಚ್ಚಿಹೋಗುವುದೂ ನೀರಿನಿಂದಲೇ ಆಗುತ್ತದೆ, ಅದರಲ್ಲಿ ಅನುಮಾನವಿಲ್ಲ. ಹಾಗೆಂದು ಎರಡೂ ಒಂದೇ ಅಲ್ಲವಲ್ಲ! ಆಗ ಮುಂದಿಟ್ಟ ಜಾಗತಿಕ ಅಂದಾಜಿನ ಪ್ರಕಾರ ಸಂಸ್ಕರಿತ ಮಾಂಸ ಹೆಚ್ಚಿರುವ ಆಹಾರದಿಂದ ವರ್ಷಕ್ಕೆ ಸುಮಾರು 34,000 ಕ್ಯಾನ್ಸರ್ ಸಾವುಗಳಾದರೆ, ತಂಬಾಕಿನಿಂದ ಆಗುವುದು ಸುಮಾರು 10 ಲಕ್ಷ.

ಅದೇ ವರದಿಯ ಇನ್ನೊಂದು ಅಂಕಿ: ದಿನಾ 50 ಗ್ರಾಂ ಸಂಸ್ಕರಿತ ಮಾಂಸ ತಿಂದರೆ ದೊಡ್ಡ ಕರುಳಿನ ಕ್ಯಾನ್ಸರ್ ಅಪಾಯ ಸುಮಾರು 18% ಹೆಚ್ಚುತ್ತದೆ. ಇದನ್ನು '100ರಲ್ಲಿ 18 ಜನಕ್ಕೆ ಕ್ಯಾನ್ಸರ್' ಎಂದು ಓದಬಾರದು. ಒಂದು ಲೆಕ್ಕ ಹಾಕೋಣ. ಒಂದು ಊರಿನ 1000 ಜನರಲ್ಲಿ ಜೀವಮಾನದಲ್ಲಿ 50 ಜನರಿಗೆ ಈ ಕ್ಯಾನ್ಸರ್ ಬರುತ್ತದೆ ಎಂದು ಇಟ್ಟುಕೊಳ್ಳಿ. ಆ 1000 ಜನರೂ ದಿನಾ 50 ಗ್ರಾಂ ತಿಂದರೆ 50ರ ಮೇಲೆ 18% ಹೆಚ್ಚಾಗಿ ಅದು 59 ಆಗುತ್ತದೆ. ಅಂದರೆ 9 ಜನ ಹೆಚ್ಚು. ಒಬ್ಬ ವ್ಯಕ್ತಿಯ ಮಟ್ಟಿಗೆ ಇದು ಸಣ್ಣ ಅಂಕಿಯಂತೆ ಕಾಣುತ್ತದೆ. ಹತ್ತು ಕೋಟಿಗೂ ಹೆಚ್ಚು ಜನರಿರುವ ದೇಶದ ಮಟ್ಟಿಗೆ ಸಣ್ಣದಲ್ಲ.

ತೊಂಬತ್ತು ವರ್ಷ ಬದುಕಿದ ಅಜ್ಜಿಯ ವಿಷಯವೂ ಇಲ್ಲೇ ಬಗೆಹರಿಯುತ್ತದೆ. ಆ ಲೆಕ್ಕದಲ್ಲಿ 1000ದಲ್ಲಿ 941 ಜನರಿಗೆ ಈ ಕ್ಯಾನ್ಸರ್ ಬರುವುದೇ ಇಲ್ಲ. ಅಜ್ಜಿ ಅವರಲ್ಲಿ ಒಬ್ಬರು. ಅಜ್ಜಿಯ ಕಾಲದಲ್ಲಿ ಲೊಂಗನಿಸಾ ಎಷ್ಟು ದಿನಕ್ಕೊಮ್ಮೆ ಸಿಗುತ್ತಿತ್ತು ಎಂಬುದನ್ನೂ ಕೇಳಬೇಕು.

ನಂಬಿಕೆ 2: ಮನೆಯಲ್ಲೇ ಮಾಡಿದ್ದಾದರೆ ಚಿಂತೆಯಿಲ್ಲ

ಮನೆಯಲ್ಲಿ ಮಾಡಿದರೆ ಏನು ಹಾಕಿದ್ದೇವೆ ಎಂಬುದು ಗೊತ್ತಿರುತ್ತದೆ. ಉಪ್ಪು, ಸಕ್ಕರೆ, ಕೊಬ್ಬು ಕಡಿಮೆ ಮಾಡಬಹುದು. ಇದು ನಿಜವಾದ ಲಾಭ. ಆದರೆ ಸಂಸ್ಕರಿತ ಮಾಂಸ ಎಂದರೆ ಕಾರ್ಖಾನೆಯಲ್ಲಿ ತಯಾರಾದದ್ದು ಎಂದು ಅರ್ಥವಲ್ಲ. ರುಚಿ ಹೆಚ್ಚಿಸಲು ಅಥವಾ ಹೆಚ್ಚು ದಿನ ಇಡಲು ಉಪ್ಪು ಹಾಕಿದ, ಹುದುಗಿಸಿದ, ಹೊಗೆ ಹಾಕಿದ ಮಾಂಸವೆಲ್ಲ ಆ ಸಾಲಿಗೆ ಸೇರುತ್ತದೆ. ನೈಟ್ರೈಟ್ ಇಲ್ಲದಿದ್ದರೂ ಉಪ್ಪು ಇರುತ್ತದೆ. ಕೆಂಪು ಮಾಂಸದ ಹೀಮ್ ಕಬ್ಬಿಣ ಇರುತ್ತದೆ. ಕಪ್ಪಾಗುವಷ್ಟು ಹುರಿದಾಗ ಹುಟ್ಟುವ ಹಾನಿಕರ ರಾಸಾಯನಿಕಗಳೂ ಇರುತ್ತವೆ.

ಮನೆಯ ಅಂದಾಜಿನಲ್ಲಿ ನೈಟ್ರೈಟ್ ಹಾಕುವುದಂತೂ ಅಪಾಯಕಾರಿ. ನೈಟ್ರೈಟ್ ಅತಿಯಾದರೆ ರಕ್ತ ಆಮ್ಲಜನಕವನ್ನು ಹೊತ್ತೊಯ್ಯುವ ಶಕ್ತಿ ಕಳೆದುಕೊಳ್ಳುತ್ತದೆ. ತುಟಿ, ಉಗುರು ನೀಲಿಯಾಗುತ್ತವೆ. 2022ರಲ್ಲಿ ಥಾಯ್ಲೆಂಡ್‌ನಲ್ಲಿ ನೈಟ್ರೈಟ್ ಮಿತಿಮೀರಿದ ಸಾಸೇಜ್ ತಿಂದ ಮಕ್ಕಳು ಹೀಗೇ ಆಸ್ಪತ್ರೆ ಸೇರಿದ್ದರು. ಇದು ಚಿಟಿಕೆಯ ಲೆಕ್ಕದಲ್ಲಿ ಹಾಕುವ ವಸ್ತುವಲ್ಲ, ತಕ್ಕಡಿಯಲ್ಲಿ ತೂಗಿ ಹಾಕುವಂಥದ್ದು. ತೂಗಲು ಆಗದಿದ್ದರೆ ಅದಿಲ್ಲದೆ ಮಾಡಿ, ಫ್ರಿಜ್‌ನಲ್ಲಿಟ್ಟು ಒಂದೆರಡು ದಿನದಲ್ಲಿ ಮುಗಿಸುವುದು ಮೇಲು. ಹೆಚ್ಚು ದಿನಕ್ಕೆ ಬೇಕೆಂದರೆ ಫ್ರೀಜರ್‌ನಲ್ಲೇ ಇಡಬೇಕು.

'ನೈಟ್ರೈಟ್ ಸೇರಿಸಿಲ್ಲ' ಎಂದು ಬರೆದ ಪೊಟ್ಟಣಗಳ ಕತೆ ಬೇರೆ. ಅವುಗಳಲ್ಲಿ ಕೆಲವಕ್ಕೆ ಸೆಲರಿ ಪುಡಿ ಹಾಕಿರುತ್ತಾರೆ. ಸೆಲರಿಯಲ್ಲಿ ನೈಟ್ರೇಟ್ ಸಹಜವಾಗಿಯೇ ಹೇರಳ. ಅದರಿಂದ ಬರುವ ನೈಟ್ರೈಟ್ ಕೂಡ ಅದೇ ರಾಸಾಯನಿಕ. "ಹಾಗಾದರೆ ಸೊಪ್ಪು ತರಕಾರಿಯಲ್ಲೂ ನೈಟ್ರೇಟ್ ಇದೆಯಲ್ಲ?" ಎಂದು ನೀವು ಕೇಳಬಹುದು. ಇದೆ. ಆದರೆ ಅಲ್ಲಿ ಅದರ ಜೊತೆಗೆ ವಿಟಮಿನ್ ಸಿಯಂಥ ರಕ್ಷಕ ಅಂಶಗಳಿವೆ, ಹೀಮ್ ಕಬ್ಬಿಣ ಇಲ್ಲ. ಹಾಗಾಗಿ ಸೊಪ್ಪಿಗೆ ಹೆದರಬೇಕಿಲ್ಲ.

ನಂಬಿಕೆ 3: ವಿನೆಗರ್‌ನಲ್ಲಿ ಅದ್ದಿ ತಿಂದರೆ ಕೊಬ್ಬು ಕರಗುತ್ತದೆ

ಲೊಂಗನಿಸಾ ಜೊತೆಗೆ ಬೆಳ್ಳುಳ್ಳಿ, ಮೆಣಸಿನಕಾಯಿ ಹಾಕಿದ ವಿನೆಗರ್ ಇಡುವುದು ಅಲ್ಲಿಯ ಪದ್ಧತಿ. ಹುಳಿಯಿಂದ ಜಿಡ್ಡಿನ ಅನುಭವ ನಾಲಿಗೆಗೆ ಕಡಿಮೆ ಆಗುತ್ತದೆ. ಕೊಬ್ಬು 'ಕತ್ತರಿಸಿಹೋಯಿತು' ಎಂದು ಅನ್ನಿಸುವುದು ಅದಕ್ಕೇ. ಆದರೆ ಹೊಟ್ಟೆಗೆ ಹೋದ ಕೊಬ್ಬಿನಲ್ಲಿ ಒಂದು ಗ್ರಾಂ ಕೂಡ ಕಡಿಮೆಯಾಗಿರುವುದಿಲ್ಲ. ಅದನ್ನು ಅರಗಿಸುವುದು ಪಿತ್ತರಸ ಮತ್ತು ಕಿಣ್ವಗಳ ಕೆಲಸ.

ವಿನೆಗರ್‌ಗೆ ಒಂದು ಸಣ್ಣ ಉಪಯೋಗ ಇದೆ. ಅನ್ನದ ಜೊತೆ ಹುಳಿ ಸೇರಿದಾಗ ರಕ್ತದ ಸಕ್ಕರೆ ಸ್ವಲ್ಪ ನಿಧಾನವಾಗಿ ಏರುತ್ತದೆ ಎಂದು ಕೆಲವು ಸಣ್ಣ ಅಧ್ಯಯನಗಳು ತೋರಿಸಿವೆ. ಸೋಯಾ ಸಾಸ್, ಮೀನಿನ ಸಾಸ್ ಬದಲು ಬರೀ ವಿನೆಗರ್ ನಂಚಿಕೊಂಡರೆ ಉಪ್ಪೂ ಉಳಿಯುತ್ತದೆ. ಒಂದು ದೊಡ್ಡ ಚಮಚ ಮೀನಿನ ಸಾಸ್‌ನಲ್ಲಿ 1000 ಮಿಲಿಗ್ರಾಂಗಿಂತ ಹೆಚ್ಚು ಸೋಡಿಯಂ ಇರುತ್ತದೆ.

ನಂಬಿಕೆ 4: ಮಾಂಸ ತಾನೇ, ಮಕ್ಕಳಿಗೆ ಒಳ್ಳೆಯ ಪ್ರೊಟೀನ್

ಸಾಸೇಜ್‌ನಲ್ಲಿ ಪ್ರೊಟೀನ್, ಕಬ್ಬಿಣ, ಸತು, ವಿಟಮಿನ್ ಬಿ12 ಇರುವುದು ನಿಜ. ಮಾಂಸ ಅಪರೂಪವಾಗಿರುವ ಬಡ ಮನೆಯಲ್ಲಿ ಇದು ಕಡೆಗಣಿಸುವ ವಿಷಯವಲ್ಲ. ಆದರೆ ಜೊತೆಗೆ ಏನು ಬರುತ್ತದೆ ನೋಡಿ. ಹಂದಿಮಾಂಸದ ಸಾಸೇಜ್‌ನಲ್ಲಿ ಸಾಮಾನ್ಯವಾಗಿ ಪ್ರೊಟೀನಿಗಿಂತ ಕೊಬ್ಬಿನ ತೂಕವೇ ಜಾಸ್ತಿ. ಹಾಟ್‌ಡಾಗ್‌ನಂಥವುಗಳಲ್ಲಿ ಮಾಂಸದ ಜೊತೆ ಪಿಷ್ಟ, ಸೋಯಾ, ನೀರು ಕೂಡ ಸೇರಿರುತ್ತವೆ. ಒಂದು ಮೊಟ್ಟೆಯಿಂದ ಸುಮಾರು 6 ಗ್ರಾಂ ಪ್ರೊಟೀನ್ ಸಿಗುತ್ತದೆ, ಅದೂ ಅತಿ ಕಡಿಮೆ ಉಪ್ಪಿನೊಂದಿಗೆ. ಲೊಂಗ್‌ಸಿಲೊಗ್ ತಟ್ಟೆಯಲ್ಲಿ ಮಕ್ಕಳಿಗೆ ಹೆಚ್ಚು ಕೊಡಬಹುದಾದ ಪದಾರ್ಥ ಮೊಟ್ಟೆ, ಸಾಸೇಜ್ ಅಲ್ಲ.

ಇನ್ನೊಂದು ಎಚ್ಚರಿಕೆ. ದುಂಡಗೆ ಕತ್ತರಿಸಿದ ಹಾಟ್‌ಡಾಗ್ ತುಂಡು ಪುಟ್ಟ ಮಕ್ಕಳ ಗಂಟಲಿಗೆ ಬಿರಡೆಯಂತೆ ಸಿಕ್ಕಿಕೊಳ್ಳಬಹುದು. ಕೊಡುವುದೇ ಆದರೆ ಉದ್ದಕ್ಕೆ ಸೀಳಿ, ಸಣ್ಣ ಚೂರು ಮಾಡಿ ಕೊಡಬೇಕು.

ನಂಬಿಕೆ 5: ಹಂದಿಜ್ವರ ಇರುವಾಗ ಲೊಂಗನಿಸಾ ತಿಂದರೆ ನಮಗೂ ಜ್ವರ ಬರುತ್ತದೆ

2019ರಲ್ಲಿ ಆಫ್ರಿಕನ್ ಹಂದಿಜ್ವರ ಫಿಲಿಪ್ಪೀನ್ಸ್‌ಗೆ ಕಾಲಿಟ್ಟಿತು. ಕೆಲವು ಸಂಸ್ಕರಿತ ಹಂದಿಮಾಂಸದ ಮಾದರಿಗಳಲ್ಲೂ ವೈರಸ್ಸಿನ ಕುರುಹು ಸಿಕ್ಕಿತು. ಹಲವು ಪ್ರಾಂತಗಳು ಹೊರಗಿನಿಂದ ಬರುವ ಹಂದಿಮಾಂಸವನ್ನು ತಡೆದವು. ಜನ ಗಾಬರಿಯಾದರು. ಆದರೆ ಈ ವೈರಸ್ ಮನುಷ್ಯರಿಗೆ ತಗಲುವುದಿಲ್ಲ. ತಡೆ ಹಾಕಿದ್ದು ಹಂದಿಗಳನ್ನು ಉಳಿಸಲು. ಸಾಸೇಜ್ ಚೂರು ಸೇರಿದ ಮುಸುರೆಯನ್ನು ಹಂದಿಗೆ ಹಾಕಿದರೆ ರೋಗ ಒಂದೂರಿನಿಂದ ಇನ್ನೊಂದೂರಿಗೆ ಹೋಗಿಬಿಡುತ್ತದೆ.

ಹಸಿ ಹಂದಿಮಾಂಸದಿಂದ ಮನುಷ್ಯರಿಗೆ ಬರಬಹುದಾದ ತೊಂದರೆಗಳು ಬೇರೆ: ಸಾಲ್ಮೊನೆಲ್ಲಾದಂಥ ಬ್ಯಾಕ್ಟೀರಿಯಾ, ಲಾಡಿಹುಳು ಇತ್ಯಾದಿ. ಲೊಂಗನಿಸಾ ಹೆಚ್ಚಾಗಿ ಹಸಿಯಾಗಿಯೇ ಮಾರಾಟವಾಗುತ್ತದೆ. ಬಣ್ಣ ನೋಡಿ ಬೆಂದಿದೆಯೇ ಎಂದು ಹೇಳುವುದು ಕಷ್ಟ, ಏಕೆಂದರೆ ನೈಟ್ರೈಟ್ ಮತ್ತು ರಂಗುಮಾಲೆ ಬೀಜದ ಬಣ್ಣ ಅದನ್ನು ಕೆಂಪಾಗಿಯೇ ಇಡುತ್ತವೆ. ನಡುಭಾಗದಲ್ಲಿ 71 ಡಿಗ್ರಿ ಸೆಲ್ಸಿಯಸ್ ಬಿಸಿ ಮುಟ್ಟಬೇಕು.

ಹಾಗಾದರೆ ನಿಜವಾದ ತೊಂದರೆ ಎಲ್ಲಿದೆ?

ಕ್ಯಾನ್ಸರ್ ಮಾತಿನ ಗದ್ದಲದಲ್ಲಿ ಉಪ್ಪು ಮರೆತೇಹೋಗುತ್ತದೆ. ಫಿಲಿಪ್ಪೀನ್ಸ್‌ನಲ್ಲಿ ಅತಿ ಹೆಚ್ಚು ಜನ ಸಾಯುವುದು ಹೃದಯದ ರಕ್ತನಾಳಗಳ ಕಾಯಿಲೆಯಿಂದ. ಪಾರ್ಶ್ವವಾಯು ಕೂಡ ಮುಂಚೂಣಿಯಲ್ಲಿದೆ. ಎರಡಕ್ಕೂ ರಕ್ತದೊತ್ತಡದ ನಂಟಿದೆ, ರಕ್ತದೊತ್ತಡಕ್ಕೆ ಉಪ್ಪಿನ ನಂಟಿದೆ.

ಒಂದು ತಟ್ಟೆ ಲೊಂಗ್‌ಸಿಲೊಗ್ ಲೆಕ್ಕ ಮಾಡೋಣ. ಒಂದೊಂದು 35 ಗ್ರಾಂ ತೂಗುವ ಮೂರು ಲೊಂಗನಿಸಾ ಎಂದರೆ 105 ಗ್ರಾಂ. 100 ಗ್ರಾಂ ಸಾಸೇಜ್‌ನಲ್ಲಿ ಸಾಮಾನ್ಯವಾಗಿ 600ರಿಂದ 1000 ಮಿಲಿಗ್ರಾಂ ಸೋಡಿಯಂ ಇರುತ್ತದೆ. ನಡುವಿನ 800 ಹಿಡಿದರೆ ನಮ್ಮ ತಟ್ಟೆಯಲ್ಲಿ 840 ಮಿಲಿಗ್ರಾಂ. ವಯಸ್ಕರು ದಿನಕ್ಕೆ 2000 ಮಿಲಿಗ್ರಾಂಗಿಂತ ಕಡಿಮೆ ಸೋಡಿಯಂ, ಅಂದರೆ 5 ಗ್ರಾಂಗಿಂತ ಕಡಿಮೆ ಉಪ್ಪು ತಿನ್ನಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಬೆಳಗಿನ ತಿಂಡಿಯ ಸಾಸೇಜ್ ಒಂದರಲ್ಲೇ ಇಡೀ ದಿನದ 42% ಮುಗಿಯಿತು. ಅನ್ನಕ್ಕೆ ಹಾಕಿದ ಉಪ್ಪು, ಮೊಟ್ಟೆಯ ಮೇಲಿನ ಸೋಯಾ ಸಾಸ್ ಇನ್ನೂ ಲೆಕ್ಕಕ್ಕೆ ಬಂದಿಲ್ಲ.

ಇನ್ನೊಂದು ಸಂಗತಿ ಇದಕ್ಕಿಂತ ಮುಖ್ಯ. ಅನ್ನದ ಜೊತೆ ನಂಚಿಕೊಳ್ಳುವ ಪದಾರ್ಥಕ್ಕೆ ಅಲ್ಲಿ 'ಉಲಂ' ಎನ್ನುತ್ತಾರೆ. ಉಪ್ಪು, ಸಿಹಿ, ಜಿಡ್ಡು ತುಂಬಿದ ಲೊಂಗನಿಸಾ ಸ್ವಲ್ಪವಿದ್ದರೂ ಬಹಳಷ್ಟು ಅನ್ನ ಒಳಗೆ ಹೋಗುತ್ತದೆ. ಕೈಯಲ್ಲಿ ದುಡ್ಡು ಕಡಿಮೆ ಇದ್ದಾಗ ಹೊಟ್ಟೆ ತುಂಬಿಸುವ ಸುಲಭ ದಾರಿ ಅದು. ಆದರೆ ತಟ್ಟೆಯಲ್ಲಿ ಅನ್ನ ಮತ್ತು ಸಾಸೇಜ್ ಎರಡೇ ಉಳಿಯುತ್ತವೆ. ಸೊಪ್ಪು, ತರಕಾರಿ, ಹಣ್ಣು ಮಾಯ. ಆ ದೇಶದ ಪೋಷಣಾ ಸಮೀಕ್ಷೆಗಳು ದಶಕಗಳಿಂದ ಹೇಳುತ್ತಿರುವುದೂ ಇದನ್ನೇ: ಅನ್ನ ಹೆಚ್ಚು, ತರಕಾರಿ ಹಣ್ಣು ಕಡಿಮೆ. ಕರುಳಿನ ಕ್ಯಾನ್ಸರ್‌ನಿಂದ ಕಾಪಾಡುವ ನಾರು ಇರುವುದು ತಟ್ಟೆಯಿಂದ ಮಾಯವಾದ ಈ ಪದಾರ್ಥಗಳಲ್ಲೇ. ಅಂದರೆ ದಿನವೂ ಸಾಸೇಜ್ ತಿನ್ನುವವರಿಗೆ ಎರಡು ಕಡೆಯಿಂದ ನಷ್ಟ. ಬೇಡದ್ದು ಬಂತು, ಬೇಕಾದ್ದು ಹೋಯಿತು.

ತಟ್ಟೆ ಹೇಗಿರಬೇಕು?

ಇದಕ್ಕೆ ಫಿಲಿಪ್ಪೀನ್ಸ್‌ನ ಆಹಾರ ಮತ್ತು ಪೋಷಣಾ ಸಂಶೋಧನಾ ಸಂಸ್ಥೆಯೇ ಒಂದು ಚಿತ್ರ ರೂಪಿಸಿದೆ. ಹೆಸರು 'ಪಿಂಗ್ಗಂಗ್ ಪಿನೊಯ್', ಅಂದರೆ ಫಿಲಿಪ್ಪೀನ್ಸ್ ಜನರ ತಟ್ಟೆ. ಅದರಲ್ಲಿ ಆಹಾರ ಮೂರು ಬಗೆ: ಶಕ್ತಿ ಕೊಡುವ ಅನ್ನದಂಥವು, ಬೆಳವಣಿಗೆಗೆ ಬೇಕಾದ ಮೀನು, ಮಾಂಸ, ಮೊಟ್ಟೆ, ಕಾಳುಗಳು, ದೇಹವನ್ನು ಕಾಯುವ ತರಕಾರಿ, ಹಣ್ಣು. ತಟ್ಟೆಯ ಅರ್ಧ ಭಾಗ ತರಕಾರಿ ಮತ್ತು ಹಣ್ಣಿಗೆ. ಉಳಿದ ಅರ್ಧದಲ್ಲಿ ಹೆಚ್ಚಿನ ಪಾಲು ಅನ್ನಕ್ಕೆ, ಚಿಕ್ಕ ಪಾಲು ಮೀನು ಮಾಂಸಕ್ಕೆ. ಲೊಂಗನಿಸಾ ಕೂರಬೇಕಾದದ್ದು ಈ ಚಿಕ್ಕ ಪಾಲಿನಲ್ಲಿ, ಅದೂ ಪ್ರತಿದಿನವಲ್ಲ.

ಉಳಿದ ದಿನಗಳಿಗೆ ಅಲ್ಲಿಯ ಅಡುಗೆಯಲ್ಲೇ ಬೇಕಾದಷ್ಟು ಇದೆ. ಹೆಸರುಕಾಳಿನ ಸಾರಿನಂಥ ಮೊಂಗೊ ಅಲ್ಲಿ ಬಹುಪಾಲು ಮನೆಗಳಲ್ಲಿ ಶುಕ್ರವಾರದ ಅಡುಗೆ. ಅದಕ್ಕೆ ಮಲುಂಗ್ಗಾಯ್ ಸೊಪ್ಪು ಹಾಕುತ್ತಾರೆ. ಅದು ಬೇರೇನೂ ಅಲ್ಲ, ನಮ್ಮ ನುಗ್ಗೆ ಸೊಪ್ಪೇ. ಅಂಪಲಾಯಾ ಎಂದರೆ ಹಾಗಲಕಾಯಿ, ಮೊಟ್ಟೆಯೊಂದಿಗೆ ಹುರಿದು ತಿನ್ನುತ್ತಾರೆ. ಸುಟ್ಟ ಬದನೆಕಾಯಿಯನ್ನು ಮೊಟ್ಟೆಯಲ್ಲಿ ಅದ್ದಿ ಮಾಡುವ ತೊರ್ತಾಂಗ್ ತಲೊಂಗ್ ಬೆಳಗಿನ ತಿಂಡಿಗೆ ಹೇಳಿಮಾಡಿಸಿದಂತಿದೆ. ಹಸಿ ಪಪ್ಪಾಯಿಯ 'ಅಚಾರಾ' ಎಂಬ ಹುಳಿಸಿಹಿ ಉಪ್ಪಿನಕಾಯಿಯೂ ಇದೆ. ಹಿಂದಿಯ 'ಅಚಾರ್'ಗೂ ಅದಕ್ಕೂ ಮೂಲ ಒಂದೇ. ಆದರೆ ಅದರಲ್ಲೂ ಉಪ್ಪು ಸಕ್ಕರೆ ಇರುವುದರಿಂದ ತರಕಾರಿಗೆ ಅದು ಬದಲಿ ಅಲ್ಲ.

ಎಷ್ಟು ತಿನ್ನಬಹುದು? ಹೇಗೆ?

'ಇಷ್ಟು ತಿಂದರೆ ಏನೂ ಅಪಾಯವಿಲ್ಲ' ಎನ್ನುವ ಗೆರೆಯನ್ನು ವಿಜ್ಞಾನ ಎಳೆದಿಲ್ಲ. ವಿಶ್ವ ಕ್ಯಾನ್ಸರ್ ಸಂಶೋಧನಾ ನಿಧಿಯ ಸಲಹೆ: ಸಂಸ್ಕರಿತ ಮಾಂಸ ತಿನ್ನುವುದಾದರೆ ಬಹಳ ಕಡಿಮೆ ತಿನ್ನಿ. ಆದರೆ ಕಡಿಮೆ ಮಾಡಿದಷ್ಟೂ ಅಪಾಯ ಇಳಿಯುತ್ತದೆ ಎಂಬುದು ಸ್ಪಷ್ಟ. ದಿನಾ ಮೂರು ತಿನ್ನುವವರ ಲೆಕ್ಕ ದಿನಕ್ಕೆ 105 ಗ್ರಾಂ. ಅದೇ ವಾರಕ್ಕೊಮ್ಮೆ ಎರಡು ತಿಂದರೆ 70 ಗ್ರಾಂ, ಏಳು ದಿನಕ್ಕೆ ಹಂಚಿದರೆ ದಿನಕ್ಕೆ 10 ಗ್ರಾಂ ಮಾತ್ರ. ಒಟ್ಟು ಪ್ರಮಾಣ ಹತ್ತನೇ ಒಂದು ಭಾಗಕ್ಕೆ ಇಳಿಯಿತು, ರುಚಿಯನ್ನು ಪೂರ್ತಿ ಬಿಡಬೇಕಾಗಲಿಲ್ಲ.

ನಮ್ಮ ಸಲಹೆಗಳು ಇಷ್ಟು:

- ವಾರದಲ್ಲಿ ಒಂದು ದಿನವನ್ನು ಲೊಂಗನಿಸಾಕ್ಕೆ ಇಟ್ಟುಕೊಳ್ಳಿ. ಮೂರರ ಬದಲು ಒಂದೋ ಎರಡೋ ಸಾಕು, ಜೊತೆಗೆ ಮೊಟ್ಟೆ ಇರಲಿ.
- ಆ ದಿನ ತಟ್ಟೆಯಲ್ಲಿ ಟೊಮೆಟೊ, ಸೌತೆಕಾಯಿ ಅಥವಾ ಸೊಪ್ಪಿನ ಪಲ್ಯ ತಪ್ಪದೆ ಇರಲಿ. ಒಂದು ಬಾಳೆಹಣ್ಣು ಅಥವಾ ಪಪ್ಪಾಯಿ ಹೋಳು ಸೇರಿಸಿ.
- ಅನ್ನಕ್ಕೆ ಬೆಳ್ಳುಳ್ಳಿ ಧಾರಾಳವಾಗಿ ಹಾಕಿ, ಉಪ್ಪು ಹಾಕಬೇಡಿ. ಸಾಸೇಜ್‌ನ ಉಪ್ಪೇ ಸಾಕಾಗುತ್ತದೆ.
- ಅಲ್ಲಿಯ ಹಳೆಯ ಕ್ರಮದಂತೆ ಬಾಣಲೆಯಲ್ಲಿ ಸ್ವಲ್ಪ ನೀರು ಹಾಕಿ ಬೇಯಿಸಿ, ನೀರು ಇಂಗಿದ ಮೇಲೆ ಅದರದೇ ಜಿಡ್ಡಿನಲ್ಲಿ ಹದವಾಗಿ ಹುರಿಯಿರಿ. ಒಳಗೆ ಪೂರ್ತಿ ಬೇಯುತ್ತದೆ, ಬೇರೆ ಎಣ್ಣೆ ಬೇಡ. ಸಕ್ಕರೆ ಇರುವ ಲೊಂಗನಿಸಾ ಬೇಗ ಸೀಯುತ್ತದೆ, ಕಪ್ಪಾಗಲು ಬಿಡಬೇಡಿ.
- ಬಾಣಲೆಯಲ್ಲಿ ಉಳಿದ ಜಿಡ್ಡಿನಲ್ಲೇ ಅನ್ನ ಹುರಿಯುವ ಅಭ್ಯಾಸ ಇದ್ದರೆ ಬಿಡಿ. ಬಿಟ್ಟ ಕೊಬ್ಬು ಮತ್ತೆ ತಟ್ಟೆಗೇ ಬರುತ್ತದೆ.
- ಪೊಟ್ಟಣದ್ದಾದರೆ ಹಿಂಬದಿಯಲ್ಲಿ ಸೋಡಿಯಂ ಎಷ್ಟು ಎಂದು ಓದಿ. ಅಲ್ಲಿ ಬರೆದಿರುವುದು ಒಂದು ತುಂಡಿಗೋ ಮೂರು ತುಂಡಿಗೋ ಎಂಬುದನ್ನೂ ನೋಡಿ.
- ರಕ್ತದೊತ್ತಡ, ಮೂತ್ರಪಿಂಡದ ತೊಂದರೆ, ಹೃದ್ರೋಗ ಇರುವವರು ವೈದ್ಯರನ್ನು ಕೇಳಿಯೇ ನಿರ್ಧರಿಸಿ. ಅವರಿಗೆ ವಾರಕ್ಕೊಮ್ಮೆಯೂ ಹೆಚ್ಚಾಗಬಹುದು.

ಕೊನೆಯದಾಗಿ ಹೇಳುವುದಾದರೆ, ನಮ್ಮ ಊಟದಲ್ಲಿ ಉಪ್ಪಿನಕಾಯಿಗೆ ಬಾಳೆಲೆಯ ತುದಿಯಲ್ಲಿ ಒಂದು ಸಣ್ಣ ಜಾಗ ಇದೆ. ಅದನ್ನು ವಿಷ ಎಂದು ಯಾರೂ ಬಿಸಾಡುವುದಿಲ್ಲ, ಪಲ್ಯದಂತೆ ಸೌಟಿನಲ್ಲಿ ಬಡಿಸಿಕೊಳ್ಳುವುದೂ ಇಲ್ಲ. ಫಿಲಿಪ್ಪೀನ್ಸ್ ತಟ್ಟೆಯಲ್ಲಿ ಲೊಂಗನಿಸಾಕ್ಕೆ ಬೇಕಾಗಿರುವುದೂ ಅಷ್ಟೇ ಜಾಗ. ಹಬ್ಬದ ದಿನ ಮನೆ ಮುಂದೆ ತೂಗುವ ಸರ ಹಬ್ಬಕ್ಕೇ ಇರಲಿ. ಶಾಲೆಗೆ ಹೋಗುವ ಮಗುವಿನ ಬುತ್ತಿಯಲ್ಲಿ ಮೊಟ್ಟೆ, ಹೆಸರುಕಾಳು, ನುಗ್ಗೆ ಸೊಪ್ಪು ಸರದಿಯ ಮೇಲೆ ಬರಲಿ.